ಮೊಳೆ ಹೊಡೆಯದ ಗೋಡೆಗಳು

ನಮ್ಮೂರಲ್ಲಿ ಬೀಗದ ಅಂಗಡಿ ಇಲ್ಲ. ಮನೆಗೆ ಬೀಗ ಜಡಿದು ಒಂದು ವಾರ ಎಲ್ಲಿಗಾದರೂ ಹೋಗಿ ಬಂದರೆ ಮನೆ ಮಲಗಿರುತ್ತದೆ. ಮಲಗುವುದೆಂದರೆ ಕುಸಿದು ಬೀಳುವುದಲ್ಲ. ಸದ್ದಿಲ್ಲ, ಯಾರಿಗೂ ಗಾಯವಿಲ್ಲ. ಮೊದಲು ಬಾಗಿಲ ಚೌಕಟ್ಟು ಓರೆಯಾಗುತ್ತದೆ, ಆಮೇಲೆ ಗೋಡೆಯ ಮೂಲೆಗಳು ಸಡಿಲವಾಗುತ್ತವೆ, ಒಂದು ಬೆಳಿಗ್ಗೆ ನೋಡಿದರೆ ಇಡೀ ಮನೆ ನೆಲಕ್ಕೆ ಒರಗಿರುತ್ತದೆ. ಮಣ್ಣಿನ ಮನೆಯೂ ಅಷ್ಟೆ, ಸಿಮೆಂಟಿನ ಮನೆಯೂ ಅಷ್ಟೆ. ಒಳಗೆ ಯಾರಾದರೂ ಒಲೆ ಹಚ್ಚಿ, ಉಂಡು, ಮಲಗಿ, ಎದ್ದು, ಜಗಳವಾಡಿಕೊಂಡಿದ್ದರೆ ಮಾತ್ರ ಅದು ನಿಂತಿರುತ್ತದೆ. ಹಾಗಾಗಿ ನಮ್ಮೂರಿನ ಯಾವ ಮದುವೆಗೂ ಯಾವ ಮನೆಯವರೂ ಪೂರ್ತಿ ಬಂದದ್ದಿಲ್ಲ. ಒಬ್ಬರು ಹಿಂದೆ ಉಳಿಯುತ್ತಾರೆ, ಅವರಿಗೆ ಹೋಳಿಗೆ ಕಟ್ಟಿ ಕಳಿಸುತ್ತಾರೆ. ಶಾಲೆಯಲ್ಲಿ ಹೆಡ್ ಮಾಸ್ತರರ ಸಂಸಾರವಿದೆ, ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ತರರ ತಾಯಿ ಇದ್ದಾರೆ, ಟಾಕೀಸಿನ ಪರದೆಯ ಹಿಂದೆ ಗೇಟ್‌ಕೀಪರನ ಹೆಂಡತಿ ಮಕ್ಕಳಿದ್ದಾರೆ. ಪರದೆಯ ಮೇಲೆ ನಾಯಕಿ ಸಾಯುತ್ತಿರುವಾಗ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂದರೆ ನಮ್ಮಲ್ಲಿ ಯಾರೂ ನಗುವುದಿಲ್ಲ. ಗುಡಿಗಳು ದೇವರಿರುವುದರಿಂದ ನಿಂತಿವೆ ಅನ್ನುತ್ತಾರೆ. ಪೂಜಾರಿಯ ಸಂಸಾರ ಹಿಂದುಗಡೆಯೇ ಇದೆಯಲ್ಲ ಎಂದು ನಾನು ನೆನಪಿಸಿದರೆ ಮುಖ ಗಂಟಿಕ್ಕುತ್ತಾರೆ.

ಇಂಥ ಊರಲ್ಲಿ ಹುಟ್ಟಿ, ಹೊರಗೆ ಹೋಗಿ ಓದಿ, ಬಡವರ ಕೈಗೆಟಕುವ ಮನೆ ಕಟ್ಟುತ್ತೇನೆಂದು ವಾಪಸು ಬಂದ ಹುಚ್ಚಿ ನಾನು. ಹೆಸರು ದಾಕ್ಷಾಯಣಿ, ಕೆಲಸ ಆರ್ಕಿಟೆಕ್ಟ್. ಅದೇನೆಂದು ಊರಿಗೆ ತಿಳಿಸಿ ಹೇಳುವಷ್ಟರಲ್ಲಿ ಅರ್ಧ ಆಯುಷ್ಯ ಹೋಯಿತು. ವಾಸ್ತುಶಿಲ್ಪಿ ಎಂದು ಬೋರ್ಡು ಬರೆಸಿದರೆ ಮರುದಿನವೇ ಜನ ಬಂದು ಪಾಯಖಾನೆ ಯಾವ ದಿಕ್ಕಿಗಿರಬೇಕು, ಮಗಳ ಮದುವೆ ಯಾಕೆ ಕೂಡಿಬರುತ್ತಿಲ್ಲ ಎಂದು ಕೇಳತೊಡಗಿದರು. ಬೋರ್ಡು ಇಳಿಸಿದೆ. ಆಮೇಲೆ ಎಲ್ಲರೂ ಇಂಜಿನಿಯರ್ ಬಾಯಾರು ಎಂದು ಕರೆದರು. ನಾನು ಇಂಜಿನಿಯರ್ ಅಲ್ಲ ಎಂದು ಕೆಲವು ವರ್ಷ ಹೇಳಿದೆ, ಆಮೇಲೆ ಸಾಕಾಯಿತು.

ನನ್ನ ಮೊದಲ ಬಡಾವಣೆ ಕುಂಬಾರ ಓಣಿಯ ಆಚೆಗಿತ್ತು. ಊರಿನ ಮಣ್ಣಲ್ಲೇ ಅಚ್ಚು ಹಾಕಿದ ಇಟ್ಟಿಗೆ, ಎರಡು ಕೋಣೆ, ಹಿತ್ತಲು, ಬಿಸಿಲು ನೇರ ಬೀಳದ ಪಡಸಾಲೆ. ಕಡಿಮೆ ಖರ್ಚು, ಒಳಗೆ ತಂಪು. ಕಟ್ಟಿ ಮುಗಿಸಿದ ದಿನ ವಸತಿ ಮಂಡಳಿಯ ಅಧಿಕಾರಿ ಶ್ರೀಕಂಠಯ್ಯ ರಾಜಧಾನಿಯಿಂದ ಬಂದರು. ಆಗಿನ್ನೂ ಎಳೆಯ ಮನುಷ್ಯ, ಇಸ್ತ್ರಿ ಶರಟು, ಕೈಯಲ್ಲಿ ಒಂದು ಚೀಲ ತುಂಬ ಹೊಸ ಬೀಗಗಳು. ಸಚಿವರು ಉದ್ಘಾಟಿಸುವ ತನಕ ಯಾರೂ ಒಳಗೆ ಕಾಲಿಡಕೂಡದು ಎಂದು ಎಲ್ಲ ಬಾಗಿಲಿಗೂ ತಾವೇ ಬೀಗ ಜಡಿದರು. ನಾನು ಗೋಗರೆದೆ, ಮೇಸ್ತ್ರಿಗಳು ಗೋಗರೆದರು, ದಾರಿಹೋಕರೂ ನಿಂತು ಗೋಗರೆದರು. ಸಚಿವರ ಕಾರ್ಯಕ್ರಮ ಒಮ್ಮೆ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಹೋಯಿತು. ಅಷ್ಟರಲ್ಲಿ ಇಡೀ ಬಡಾವಣೆ ಸಾಲುಸಾಲಾಗಿ ಮಲಗಿತು. ಶ್ರೀಕಂಠಯ್ಯನವರು ಬಂದು ಅದನ್ನು ಕಣ್ಣಾರೆ ಕಂಡರು. ಕಂಡು, ವರದಿಯಲ್ಲಿ ಕಳಪೆ ಕಾಮಗಾರಿ ಎಂದು ಬರೆದರು. ಆ ಮನುಷ್ಯನಿಗೆ ತನ್ನ ಕಣ್ಣಿಗಿಂತ ತನ್ನ ವರದಿಯ ಮೇಲೆಯೇ ಹೆಚ್ಚು ನಂಬಿಕೆ. ನಾನು ಹಣೆ ಚಚ್ಚಿಕೊಂಡೆ.

ಎರಡನೆಯ ಬಡಾವಣೆಗೆ ಮಂಡಳಿಯನ್ನು ಕೇಳುವ ಗೋಜಿಗೇ ಹೋಗಲಿಲ್ಲ, ಮನೆ ಕೂರುವವರನ್ನು ತಂದು ಕೂರಿಸಿದೆ. ಇದು ನಮ್ಮೂರಿನ ಹಳೆಯ ಕಸುಬು. ಯಾತ್ರೆಗೆ ಹೋಗುವವರು, ಬಾಣಂತನಕ್ಕೆ ಹೋಗುವವರು ತಮ್ಮ ಮನೆಯಲ್ಲಿ ಇವರನ್ನು ಕೂರಿಸಿ ಹೋಗುತ್ತಾರೆ. ಅಡುಗೆ ಮಾಡಿಕೊಂಡು, ಕಸ ಗುಡಿಸಿಕೊಂಡು, ಮನೆಯನ್ನು ಮನೆಯಂತೆ ಬಾಳಿಸುವುದು ಅವರ ಕೆಲಸ. ಯಜಮಾನರು ಬಂದ ಗಳಿಗೆಯಲ್ಲಿ ಗಂಟು ಎತ್ತಿಕೊಂಡು ಹೊರಡುವುದು ಅವರ ಧರ್ಮ. ನೂರಾರು ಮನೆಗಳಲ್ಲಿ ಬಾಳಿದ ಇವರಿಗೆ ಸ್ವಂತ ಮನೆ ಇರುವುದಿಲ್ಲ. ಇದ್ದಿದ್ದರೆ ಅದನ್ನು ಬಿಟ್ಟು ಬಂದು ಬೇರೆಯವರ ಮನೆಯಲ್ಲಿ ಕೂರಲು ಸಾಧ್ಯವೇ?

ಹೀಗೆ ಬಂದವಳು ತಂಗೆವ್ವ. ಗಂಡ ಅಡಿವೆಪ್ಪ ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಿದ್ದ, ಮಾತು ಕಡಿಮೆ. ಒಂದು ಕಾಲದಲ್ಲಿ ಅವಳಿಗೂ ಮನೆಯಿತ್ತು. ತಾಯಿಗೆ ಕಾಯಿಲೆ ಜೋರಾಗಿ ಗಂಡ ಹೆಂಡತಿ ಇಬ್ಬರೂ ಆಕೆಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನೋಡಿಕೊಳ್ಳುತ್ತೇನೆಂದ ಪಕ್ಕದವಳು ಜ್ವರ ಬಂದು ತನ್ನ ಮನೆಯಲ್ಲೇ ಮಲಗಿಬಿಟ್ಟಳು. ತಾಯಿಯನ್ನು ಮಣ್ಣು ಮಾಡಿ ಇವರು ವಾಪಸು ಬಂದಾಗ ಮನೆಯೂ ಮಲಗಿತ್ತು. ಅದರಡಿಯಿಂದ ಸರಿಯಾಗಿ ಸಿಕ್ಕಿದ್ದು ತಾಯಿಯ ಕನ್ನಡಿಯೊಂದೇ. ಮರದ ಚೌಕಟ್ಟಿನ, ಮೇಲೆ ದಾರದ ಕುಣಿಕೆ ಇದ್ದ ಆ ಕನ್ನಡಿಯನ್ನು ತಂಗೆವ್ವ ಹೋದಲ್ಲೆಲ್ಲ ಒಯ್ಯುತ್ತಿದ್ದಳು. ಒಯ್ದು ನೆಲದ ಮೇಲೆ ಗೋಡೆಗೆ ಒರಗಿಸಿ ಇಡುತ್ತಿದ್ದಳು. ಪ್ರತಿ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳಲು ಅವಳು ಸೊಂಟ ಬಗ್ಗಿಸಿ, ಮೊಣಕಾಲ ಮೇಲೆ ಒಂದು ಕೈಯೂರಿ ಅದರೊಳಗೆ ಇಣುಕಬೇಕಾಗಿತ್ತು.

ಯಾಕೆಂದರೆ ಮನೆ ಕೂರುವವರು ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನಮ್ಮೂರಲ್ಲಿ ಮನೆ ಯಾರದ್ದೆಂದು ನಿರ್ಧಾರವಾಗುವುದು ಮೊದಲ ಮೊಳೆಯಿಂದ. ಗೃಹಪ್ರವೇಶದ ದಿನ ಮನೆಯವರೆಲ್ಲ ನಿಂತು ನೋಡುತ್ತಿರುವಾಗ ಯಜಮಾನನೋ ಯಜಮಾನಿಯೋ ಗೋಡೆಗೆ ಒಂದು ಮೊಳೆ ಹೊಡೆಯುತ್ತಾರೆ. ಅಪ್ಪ ಮಗಳಿಗೆ ಮನೆ ಕೊಡುವುದಾದರೆ ಅವಳ ಕೈಗೆ ಮೊಳೆ ಕೊಟ್ಟು, ನಾಲ್ಕು ಜನರ ಎದುರಿಗೆ ಹೊಡಿ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು, ಆಮೇಲೆ ಯಾವ ಅಣ್ಣತಮ್ಮನೂ ತಕರಾರು ತೆಗೆಯುವುದಿಲ್ಲ. ಇಷ್ಟು ಸರಳವಾದ ಏರ್ಪಾಟು ಇದ್ದರೂ ವಸತಿ ಮಂಡಳಿ ತನ್ನ ಹಂಚಿಕೆ ಸಮಾರಂಭ ನಡೆಸಿ ಎಲ್ಲರ ಕೈಗೂ ಒಂದೊಂದು ಬೀಗದ ಕೈ ಕೊಡುತ್ತದೆ. ಜನ ಅದನ್ನು ಭಕ್ತಿಯಿಂದ ತೆಗೆದುಕೊಂಡು ಕೂಸುಗಳಿಗೆ ಆಡಲು ಕೊಡುತ್ತಾರೆ.

ಮೊಳೆ ಹೊಡೆದ ಮರುಗಳಿಗೆಯಿಂದ ನನ್ನ ಗೋಳು ಶುರು. ನಿನ್ನೆಯವರೆಗೆ ಗೋಣಿಚೀಲದ ಮರೆಯಲ್ಲಿ ಇದ್ದವರು ಇವತ್ತು ನನ್ನ ಬಾಗಿಲಿಗೆ ಬಂದು ದೂರು ಹೇಳುತ್ತಾರೆ. ಕಿಟಕಿ ಸಣ್ಣದಾಯಿತು, ಕಟ್ಟೆ ಎತ್ತರವಾಯಿತು, ಅಟ್ಟ ಎಲ್ಲಿ, ನಮ್ಮತ್ತೆ ಗೊರಕೆ ಹೊಡೆದರೆ ಎರಡೂ ಕೋಣೆಗೆ ಕೇಳುತ್ತದೆ ಅದಕ್ಕೇನು ಮಾಡುತ್ತೀರಿ! ಒಬ್ಬರೂ ಚೆನ್ನಾಗಿದೆ ಎಂದು ಹೇಳಿದ್ದು ನನಗೆ ನೆನಪಿಲ್ಲ. ತಂಗೆವ್ವ ಮಾತ್ರ ಎಂದೂ ದೂರು ಹೇಳಿದವಳಲ್ಲ. ನನ್ನ ಎಲ್ಲ ಬಡಾವಣೆಗಳಲ್ಲೂ ಕೂತವಳು ಅವಳು, ನಾನು ಕಟ್ಟಿದ ಮನೆಗಳನ್ನು ನನಗಿಂತ ಹೆಚ್ಚು ಬಾಳಿದವಳು. ಅಡುಗೆಮನೆ ಹೇಗಿದೆ, ಗಾಳಿ ಬರುತ್ತದೆಯೇ ಎಂದು ಕೇಳಿದರೆ ಅವಳದು ಒಂದೇ ಉತ್ತರ.

"ಮಂದಿ ಮನ್ಯಾಗ ಕುಂತು ಹೆಸರಿಡಬಾರದ್ರಿ ಬಾಯಾರ. ಭಾಳ ಛಲೋ ಐತಿ."

ನನಗೆ ಸಿಟ್ಟು ಬರುತ್ತಿತ್ತು. ಅವಳು ಬಗ್ಗುವುದನ್ನು ನೋಡಲಾರದೆ ಒಂದು ಬಡಾವಣೆಯಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಕನ್ನಡಿ ಇಡಲೆಂದೇ ಎದೆಯೆತ್ತರಕ್ಕೆ ಒಂದು ಗೂಡು ಬಿಡಿಸಿದೆ. ಹೋಗಿ ನೋಡಿದರೆ ಗೂಡು ಖಾಲಿ, ಕನ್ನಡಿ ನೆಲದ ಮೇಲೆ. "ಅದು ಅವರು ದೇವರಿಡೂ ಜಾಗಾ ಅಲ್ಲೇನ್ರಿ," ಅಂದಳು.

ಇವಳಿಗೆ ಒಂದು ಮನೆ ಮಂಜೂರು ಮಾಡಿಸಲು ನಾನು ಪಟ್ಟ ಪಾಡು ಬೇಡ. ಮನೆಯಿಲ್ಲದವರಿಗೆ ಮಾತ್ರ ಮನೆ ಎಂಬುದು ಮಂಡಳಿಯ ನಿಯಮ. ಸಮೀಕ್ಷೆಯವನು ಬಂದಾಗ ತಂಗೆವ್ವ ನನ್ನದೇ ಹೊಸ ಮನೆಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸುಸಜ್ಜಿತ ಮನೆಯಲ್ಲಿ ವಾಸ, ಅರ್ಹಳಲ್ಲ, ಎಂದು ಬರೆದುಕೊಂಡು ಹೋದ. ಮುಂದಿನ ಸಲ ನಾನು ಬುದ್ಧಿ ಉಪಯೋಗಿಸಿ, ಆ ಮನೆಯಲ್ಲಿ ಬೇರೆಯವರನ್ನು ಕೂರಿಸಿ, ಗಂಡಹೆಂಡಿರನ್ನು ಬೇವಿನ ಮರದ ಕೆಳಗೆ ಕೂರಿಸಿದೆ. ಸಮೀಕ್ಷೆಯವನು ಬಂದು, ವಾಸದ ವಿಳಾಸವಿಲ್ಲ, ಆದ್ದರಿಂದ ಈ ಊರಿನವರೆಂದು ಹೇಳಲಾಗದು, ಎಂದು ಬರೆದುಕೊಂಡು ಹೋದ. ನಾನು ಶ್ರೀಕಂಠಯ್ಯನವರ ಕಚೇರಿಗೆ ಹೋಗಿ ಮೇಜು ಗುದ್ದಿದೆ. ಅವರಿಗಾಗಲೇ ಬಡ್ತಿ ಸಿಕ್ಕಿ ಹೊಟ್ಟೆ ಬಂದಿತ್ತು.

"ನೋಡಿ ಮೇಡಂ, ಆಯಮ್ಮ ಮನೆಯಲ್ಲಿದ್ರೆ ಮನೆ ಇದೆ ಅಂತಾಯ್ತು. ಮನೆಯಲ್ಲಿಲ್ದಿದ್ರೆ ಊರಲ್ಲೇ ಇಲ್ಲ ಅಂತಾಯ್ತು. ಇದರಲ್ಲಿ ನಾನೇನ್ ಮಾಡಕ್ಕಾಗುತ್ತೆ? ಒಂದ್ ಲೋಟ ಟೀ ತಗೊಳಿ."

ನಾನು ಟೀ ಕುಡಿಯದೆ ಎದ್ದು ಬಂದೆ.

ಹೀಗೆ ವರ್ಷಗಳು ಉರುಳಿದವು. ನನ್ನ ಕೂದಲು ಬೆಳ್ಳಗಾಯಿತು, ಶ್ರೀಕಂಠಯ್ಯನವರದು ಉದುರಿತು, ತಂಗೆವ್ವನ ಸೊಂಟ ನೋಯತೊಡಗಿತು. ಕನ್ನಡಿಯ ಮುಂದೆ ಬಗ್ಗಿದವಳು ಏಳಲು ಗೋಡೆ ಹಿಡಿಯುತ್ತಿದ್ದಳು. ಒಂದು ದಿನ, ನಾನು ಕೇಳದೆಯೇ, "ಇನ್ನ ಗಂಟ ಹೊರೂದು ಆಗೂದಿಲ್ರಿ ಬಾಯಾರ," ಅಂದಳು. ಅಷ್ಟು ವರ್ಷಗಳಲ್ಲಿ ಅವಳು ತನ್ನ ಬಗ್ಗೆ ಹೇಳಿಕೊಂಡದ್ದು ಅದೊಂದೇ ಮಾತು. ಇನ್ನೊಂದು ಮನೆಗೆ ಹೊರಡುವ ಶಕ್ತಿ ಅವಳಲ್ಲಿ ಉಳಿದಿಲ್ಲವೆಂದು ನನಗೆ ಗೊತ್ತಾಯಿತು. ಮನೆ ಕೂರಲಾಗದವರು ನಮ್ಮೂರಲ್ಲಿ ಎಲ್ಲಿ ಹೋಗುತ್ತಾರೆಂಬುದೂ ಗೊತ್ತಿತ್ತು. ಬಸ್ ನಿಲ್ದಾಣದ ಚಪ್ಪರದಡಿಗೆ ಹೋಗುತ್ತಾರೆ. ಅದಕ್ಕೆ ಗೋಡೆಗಳಿಲ್ಲ, ಹಾಗಾಗಿ ಅದು ಮಲಗುವುದೂ ಇಲ್ಲ.

ಆ ಹೊತ್ತಿಗೆ ಬಂದದ್ದು ಆಶ್ರಯಧಾಮದ ಕೆಲಸ. ನಮ್ಮ ಹೊಳೆ ಆಗಾಗ ತಗ್ಗಿನ ಓಣಿಗಳಿಗೆ ನುಗ್ಗುತ್ತದೆ. ಜನ ಮನೆ ಬಿಟ್ಟು ಓಡಬೇಕು; ಬಿಟ್ಟರೆ ಮನೆ ಮಲಗುತ್ತದೆ; ಮತ್ತೆ ಎಬ್ಬಿಸುವ ತನಕ ಇರಲು ಒಂದು ಜಾಗ ಬೇಕು. ಮಂಡಳಿ ಈ ಮೊದಲು ದಿಬ್ಬದ ಮೇಲೆ ಎರಡು ಸಲ ಆಶ್ರಯಧಾಮ ಕಟ್ಟಿಸಿತ್ತು, ಬೇರೆಯವರ ಕೈಯಲ್ಲಿ. ಕಟ್ಟಿ, ಬೀಗ ಹಾಕಿ, ಹೊಳೆ ಬರಲಿ ಎಂದು ಕಾದರು. ಹೊಳೆ ಬರುವ ಮೊದಲೇ ಎರಡೂ ಮಲಗಿದವು. ಮೂರನೆಯದನ್ನು ನನಗೆ ಕೊಟ್ಟರು. ನಾನು ತಿಂಗಳುಗಟ್ಟಲೆ ಗೀಚಿ, ಹರಿದು, ಕೊನೆಗೆ ಒಂದು ನಕ್ಷೆ ಮಾಡಿದೆ. ನಾಲ್ಕು ದಿಕ್ಕಿಗೆ ಮುಂಬದಿ ತೆರೆದ ನಾಲ್ಕು ದೊಡ್ಡ ಪಡಸಾಲೆ, ನಟ್ಟನಡುವೆ ಒಂದು ಪುಟ್ಟ ಮನೆ. ಆ ಮನೆಯ ಗೋಡೆಗಳೇ ನಾಲ್ಕೂ ಪಡಸಾಲೆಗೆ ಹಿಂಬದಿಯ ಗೋಡೆ. ನಡುಮನೆಯಲ್ಲಿ ಒಂದು ಸಂಸಾರ ಒಲೆ ಹಚ್ಚಿಕೊಂಡಿದ್ದರೆ ಸಾಕು, ಇಡೀ ಕಟ್ಟಡ ನಿಂತಿರುತ್ತದೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದು, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಶ್ರಯಧಾಮದಲ್ಲಿ ಖಾಸಗಿ ವಾಸಕ್ಕೆ ಅವಕಾಶವಿಲ್ಲವಾದ್ದರಿಂದ ನಕ್ಷೆಯಲ್ಲಿ ಮನೆಯನ್ನು ಉಗ್ರಾಣವೆಂದೂ ಒಲೆಯನ್ನು ಬಿಸಿನೀರಿನ ವ್ಯವಸ್ಥೆಯೆಂದೂ ತೋರಿಸಿದೆ. ಮಂಜೂರಾಯಿತು. ಕಟ್ಟಡ ಏಳುತ್ತಿದ್ದಂತೆ ತಂಗೆವ್ವ ಅಡಿವೆಪ್ಪರನ್ನು ಒಳಗೆ ಕೂರಿಸಿದೆ.

ಉದ್ಘಾಟನೆಗೆ ಮುಂಚಿನ ವಾರ ಶ್ರೀಕಂಠಯ್ಯ ಪರಿಶೀಲನೆಗೆ ಬಂದರು. ಉಗ್ರಾಣದಿಂದ ಹುಳಿಸಾರಿನ ವಾಸನೆ ಬರುತ್ತಿತ್ತು.

"ಮೇಡಂ, ಇದೇನು?"

"ಬಿಸಿನೀರಿನ ವ್ಯವಸ್ಥೆ ಸರ್."

"ನಿಮ್ಮ ಆಟ ನನಗೆ ಗೊತ್ತಾಗಲ್ವಾ? ಕಾರ್ಯಕ್ರಮದ ದಿನ ಇವರಿರ್ಲಿ, ಕಸ ಗುಡಿಸ್ಲಿ, ಸಾಹೇಬರಿಗೆ ತಿಂಡಿ ಕೊಡ್ಲಿ. ಅವತ್ತು ಸಂಜೆ ಇಬ್ಬರೂ ಖಾಲಿ ಮಾಡ್ಬೇಕು. ಬೀಗ ನಾನೇ ತರ್ತೀನಿ."

"ಸರ್, ಕುಂಬಾರ ಓಣಿ ನೋಡಿದಿರಿ, ಹಿಂದಿನ ಎರಡು ಆಶ್ರಯಧಾಮ ನೋಡಿದಿರಿ. ಇದೂ ಮಲಗುತ್ತದೆ. ಹೊಳೆ ಬಂದಾಗ ಜನ ಎಲ್ಲಿ ಹೋಗಬೇಕು?"

"ಅವೆಲ್ಲ ಕಳಪೆ ಕಾಮಗಾರಿ. ವರದಿ ಇದೆ. ನೀವು ಸರಿಯಾಗಿ ಕಟ್ಟಿದ್ರೆ ಇದು ಯಾಕೆ ಮಲಗುತ್ತೆ ಹೇಳಿ?"

ಈ ಮನುಷ್ಯನ ಜೊತೆ ಮಾತಾಡುವುದಕ್ಕಿಂತ ನನ್ನ ಇಟ್ಟಿಗೆಗಳ ಜೊತೆ ಮಾತಾಡುವುದು ವಾಸಿ. ಅವರ ಜೀಪು ದಿಬ್ಬ ಇಳಿಯುತ್ತಿದ್ದಂತೆ ನಾನು ನಡುಮನೆಗೆ ನುಗ್ಗಿದೆ. ತಂಗೆವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು, ಮುಖ ಬಾಡಿತ್ತು.

"ತಂಗೆವ್ವಾ, ಏಳು. ಈಗಿಂದೀಗ ಒಂದು ಮೊಳಿ ಹೊಡಿ. ಮೊಳಿ ಬಿದ್ದ ಮ್ಯಾಲೆ ಈ ಊರಾಗ ಯಾವ ಪೊಲೀಸನೂ ನಿನ್ನ ಎಬ್ಬಸೂದಿಲ್ಲ."

ಅವಳು ಕಿವಿ ಮುಚ್ಚಿಕೊಂಡಳು. "ಅಯ್ಯ, ಬಿಡ್ತು ಅನ್ರಿ ಬಾಯಾರ! ಕೊಡದ ಮನಿಗೆ ಮೊಳಿ ಹೊಡೀಲೇನು? ಅದು ಕಳವು."

"ಎಂಥ ಕಳವು? ನಾನ ಕಟ್ಟೇನಿ, ನಾನ ಹೇಳಾಕತ್ತೇನಿ!"

"ಕಟ್ಟಾಕಿ ನೀವು, ಖರೆ. ಆದ್ರ ಮನಿ ನಿಮ್ಮದಲ್ಲಲ್ರಿ. ಸರಕಾರದ್ದು. ಇಷ್ಟ್ ವರ್ಸ ಮಂದಿ ತಮ್ಮ ಬಾಗಲಾ ತಗದಿಟ್ಟು ನನ್ನ ಕೈಯಾಗ ಕೊಟ್ಟು ಹೋಗ್ಯಾರ. ಯಾಕ? ತಂಗೆವ್ವ ಮೊಳಿ ಹೊಡ್ಯಾಕಿ ಅಲ್ಲ ಅಂತ. ಈ ವಯಸ್ಸಿನ್ಯಾಗ ಆ ಹೆಸರು ಕಳಕೊಳ್ಳಲೇನು?"

"ಹೆಸರು ಇಟ್ಕೊಂಡು ಬಸ್ ಸ್ಟ್ಯಾಂಡಿನ್ಯಾಗ ಮಲಗ್ತೀ ಏನು?"

"ಮಲಗ್ತೀನಿ," ಅಂದಳು. ಅಂದು ಮತ್ತೆ ತೊಟ್ಟು ಮುರಿಯತೊಡಗಿದಳು. ಅತ್ತ ನಿಯಮ ಬಿಡದ ಅಧಿಕಾರಿ, ಇತ್ತ ನೇಮ ಬಿಡದ ಹೆಂಗಸು, ನಡುವೆ ನಾನು. ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕೆನ್ನಿಸಿತು. ಪಡಸಾಲೆಯಲ್ಲಿ ಕೂತು ಅತ್ತೆ, ಸಿಟ್ಟಿನಿಂದಲೇ ಅತ್ತೆ. ಅಡಿವೆಪ್ಪ ಮೆಲ್ಲಗೆ ಬಂದು ಒಂದು ಚೊಂಬು ನೀರಿಟ್ಟು ಹೋದ.

ಉದ್ಘಾಟನೆಯ ದಿನ ಬಂತು. ದಿಬ್ಬದ ಮೇಲೆ ಶಾಮಿಯಾನ, ಕುರ್ಚಿ, ಮಾವಿನ ತೋರಣ. ಊರಿನ ಜನ ಪಡಸಾಲೆಗಳಲ್ಲಿ ತುಂಬಿದ್ದರು, ಪ್ರತಿ ಮನೆಯಿಂದ ಒಬ್ಬರನ್ನು ಹಿಂದೆ ಬಿಟ್ಟು. ತಂಗೆವ್ವ ನಸುಕಿನಲ್ಲೇ ನೆಲ ಸಾರಿಸಿ, ಸಚಿವರಿಗೆಂದು ಉಪ್ಪಿಟ್ಟು ಕಲಸಿಟ್ಟು, ತಮ್ಮ ಗಂಟನ್ನು ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದಳು. ಗಂಟಿನ ಮೇಲೆ ಕನ್ನಡಿ ಬೋರಲಾಗಿತ್ತು. ಶ್ರೀಕಂಠಯ್ಯನವರು ಬಂದವರೇ ಜೀಪಿನಿಂದ ಸಚಿವರ ದೊಡ್ಡದೊಂದು ಫೋಟೋ ಇಳಿಸಿದರು. ಸಚಿವರು ತಿಂಡಿಗೆ ಕೂರುವುದು ನಡುಮನೆಯಲ್ಲಾದ್ದರಿಂದ ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಅದು ರಾರಾಜಿಸಬೇಕಿತ್ತು.

"ಯಾರಪ್ಪಾ ಅಲ್ಲಿ? ಒಂದ್ ಮೊಳೆ ಹೊಡೀರಿ ಇಲ್ಲಿ, ಬೇಗ!"

ಬಡಿಗೇರ ಮೌನೇಶ ಬಾಗಿಲು ಸರಿಮಾಡುತ್ತ ಅಲ್ಲೇ ಇದ್ದ. ಮೊಳೆಯ ಡಬ್ಬಿ, ಸುತ್ತಿಗೆ ಎರಡೂ ಅವನ ಬಳಿಯಿದ್ದವು. ಅವನು ಸುತ್ತಿಗೆಯನ್ನು ನೆಲಕ್ಕಿಟ್ಟು ಹಿಂದೆ ಸರಿದ.

"ನಾ ಒಲ್ಲೆರಿ ಸಾಹೇಬ್ರ. ನನಗ ಮನಿ ಐತಿ."

"ಮನೆ ಇದ್ರೆ ಏನಯ್ಯ? ಮೊಳೆ ಹೊಡಿ ಅಂದ್ರೆ ಮನೆ ವಿಷಯ ಯಾಕೆ?"

ಮೊಳೆ ಹೊಡೆದು ಇದೂ ತನ್ನದಾದರೆ ಎರಡು ಮನೆ ಬಾಳಿಸುವವರು ಯಾರು? ಶ್ರೀಕಂಠಯ್ಯನವರು ಪೇದೆ ಭರಮಪ್ಪನನ್ನು ಕರೆದರು. ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ನನಗೂ ಐತ್ರಿ," ಅಂದ. ಜನ ಬಾಗಿಲ ಬಳಿ ಗುಂಪುಗೂಡಿದರು. ಆ ಫೋಟೋವನ್ನು ಕಿಟಕಿಯ ಸರಳಿಗೆ ತಂತಿಯಿಂದ ತೂಗುಹಾಕಬಹುದಿತ್ತು. ತಂತಿಯ ಸುರುಳಿ ನನ್ನ ಚೀಲದಲ್ಲೇ ಇತ್ತು. ನಾನು ಚೀಲವನ್ನು ಕಂಕುಳಿಗೆ ಒತ್ತಿ ಹಿಡಿದು ಬಾಯಿ ಮುಚ್ಚಿಕೊಂಡು ನಿಂತೆ. ಮೂವತ್ತು ವರ್ಷ ಈ ಮನುಷ್ಯನಿಗೆ ಬುದ್ಧಿ ಹೇಳಿ ದಣಿದಿದ್ದೇನೆ, ಇವತ್ತೊಂದು ದಿನ ಹೇಳದಿದ್ದರೆ ಮುಳುಗಿಹೋಗುವುದು ಏನಿಲ್ಲ.

"ಥೂ ಸೋಮಾರಿಗಳಾ!" ಎಂದು ಶ್ರೀಕಂಠಯ್ಯ ಡಬ್ಬಿಯಿಂದ ತಾವೇ ಒಂದು ಮೊಳೆ ಆರಿಸಿದರು. ಇಸ್ತ್ರಿ ಕೆಡಿಸಿಕೊಂಡು ಸುತ್ತಿಗೆ ಬೀಸುವುದು ಅವರ ದರ್ಜೆಗೆ ಒಗ್ಗುವ ಕೆಲಸವಲ್ಲ. ಸುತ್ತ ನೋಡಿದರು. ಉಪ್ಪಿಟ್ಟಿನ ಪಾತ್ರೆಯ ಪಕ್ಕ ತಂಗೆವ್ವ ನಿಂತಿದ್ದಳು.

"ಏ ಅಮ್ಮಾ, ನೀನೇ ಬಾ. ತಗೋ ಮೊಳೆ. ಹೊಡಿ."

ಮೊಳೆ ತಂಗೆವ್ವನ ಅಂಗೈಯಲ್ಲಿತ್ತು. ಅವಳು ಅದನ್ನೇ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಕೇಳಿದಳು.

"ಸಾಹೇಬ್ರ, ನೀವು ಸರಕಾರದ ಕಡೀಂದ ಬಂದವ್ರು. ಈ ಮೊಳಿ ನೀವ ಕೊಟ್ರಿ?"

"ನಾನಲ್ದೆ ಇನ್ಯಾರು ಕೊಟ್ರು?"

"ನನಗ ಹೊಡಿ ಅಂದ್ರಿ?"

"ಹೌದಮ್ಮಾ, ನಿನಗೇ!"

"ನಾಕ ಮಂದಿ ಮುಂದ ಇನ್ನೊಮ್ಮೆ ಅನ್ರಿ. ನಾ ಈ ಮನ್ಯಾಗ ಕುಂತಾಕಿ. ಈ ಗ್ವಾಡಿಗೆ ಮೊಳಿ ನಾ ಹೊಡೀಲ್ಯಾ? ಊರ ಪದ್ಧತಿ ನಿಮಗ ಗೊತ್ತಿಲ್ಲೇನು?"

ಅವಳು ಮೋಸ ಮಾಡಲಿಲ್ಲ ಎಂಬುದಕ್ಕೆ ನಾನು ಸಾಕ್ಷಿ. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಕೇಳಲಾರರು. ಆದರೆ ಸಚಿವರ ದಾರಿ ಕಾಯುತ್ತಿದ್ದ ಶ್ರೀಕಂಠಯ್ಯನವರಿಗೆ ತಲೆ ಕೆಟ್ಟುಹೋಗಿತ್ತು.

"ನಿಮ್ಮ ಪದ್ಧತಿ ಎಲ್ಲಾ ಕೇಳಿ ಕೇಳಿ ನನಗೆ ಸಾಕಾಗಿದೆ! ಮೊಳೆ ನಾನೇ ಕೊಟ್ಟಿದೀನಿ, ಗೋಡೆ ಇಲ್ಲಿದೆ, ನೀನೇ ಹೊಡೀಬೇಕು. ಸಾಕಾ? ಹೊಡಿಯಮ್ಮಾ ತಾಯೀ, ನಿನಗೆ ಕೈ ಮುಗೀತೀನಿ!"

ಅವರು ನಿಜವಾಗಿಯೂ ಕೈ ಮುಗಿದರು. ಮೌನೇಶ ಸುತ್ತಿಗೆಯನ್ನು ಎತ್ತಿ ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ತಂಗೆವ್ವ ಗೋಡೆಯ ಮುಂದೆ ಹೋಗಿ ನಿಂತಳು. ಮೊಳೆಯ ತುದಿಯನ್ನು ಗೋಡೆಗಿಟ್ಟು, ಸ್ವಲ್ಪ ಮೇಲೆ ಸರಿಸಿ, ಮತ್ತೆ ಕೆಳಗೆ ತಂದು, ತನ್ನ ತಲೆಯ ಮೇಲೊಂದು ಗೇಣು ಅಂತರದಲ್ಲಿ ನಿಲ್ಲಿಸಿದಳು.

"ಅಷ್ಟ್ ಕೆಳಗ್ಯಾಕೆ? ಮೇಲೆ ಹೊಡಿ, ಮೇಲೆ! ಸಾಹೇಬರ ಫೋಟೋ ಅದು!" ಎಂದರು ಶ್ರೀಕಂಠಯ್ಯ.

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಹೊಡೆದಳು. ಮೊದಲನೆಯ ಏಟು ಜಾರಿತು, ಎರಡನೆಯದು ಕೂತಿತು. ಮೊಳೆ ಅರ್ಧ ಇಳಿದಾಗ ಜನರ ನಡುವಿನಿಂದ ಅಡಿವೆಪ್ಪ ಒಂದು ಸದ್ದು ಮಾಡಿದ, ನಗುವೋ ಬಿಕ್ಕೋ ತಿಳಿಯಲಿಲ್ಲ. ಯಾರೋ ಹೆಣ್ಣುಮಗಳು ಸೋಬಾನೆ ಎತ್ತಿದಳು, ಉಳಿದವರು ದನಿಗೂಡಿಸಿದರು. ಶ್ರೀಕಂಠಯ್ಯನವರು ಸಚಿವರು ಬಂದರೆಂದುಕೊಂಡು ಹಾರ ಹಿಡಿದು ಹೊರಗೆ ಓಡಿದರು.

ಸಚಿವರು ಬರಲಿಲ್ಲ. ಎಂದಿನಂತೆ ಮಧ್ಯಾಹ್ನದ ಹೊತ್ತಿಗೆ, ಕಾರ್ಯಕ್ರಮ ಮುಂದಕ್ಕೆ ಹೋಗಿದೆ ಎಂಬ ಫೋನು ಬಂತು. ಉಪ್ಪಿಟ್ಟನ್ನು ಊರಿನವರು ತಿಂದರು. ಸಂಜೆಗೆ ಶ್ರೀಕಂಠಯ್ಯ ಬೀಗ ತೆಗೆದು ಭರಮಪ್ಪನ ಕೈಗೆ ಕೊಟ್ಟು, ಇವರನ್ನು ಹೊರಗೆ ಕಳಿಸಿ ಬಾಗಿಲು ಹಾಕು ಎಂದರು.

"ಅದು ಆಗೂದಿಲ್ರಿ ಸಾಹೇಬ್ರ," ಅಂದ ಭರಮಪ್ಪ. "ಮೊಳಿ ಬಿತ್ತಲ್ಲ. ನೀವ ಕೊಟ್ರಿ, ನೀವ ಹೊಡಿ ಅಂದ್ರಿ. ಊರಿಗೂರ ನೋಡೈತಿ. ಮನಿ ತಂಗೆವ್ವಂದು."

ಅವರು ಕೂಗಾಡಿದರು, ಅಮಾನತು ಮಾಡಿಸುತ್ತೇನೆ ಎಂದರು, ನನ್ನ ಕಡೆ ತಿರುಗಿ, "ಮೇಡಂ, ನೀವಾದ್ರೂ ಹೇಳಿ ಇವರಿಗೆ!" ಎಂದರು.

"ನೋಡಿ ಸರ್, ಮೊಳೆ ಬಿದ್ದರೆ ಮನೆ ಕೊಟ್ಟಂತಾಯಿತು. ಇದರಲ್ಲಿ ನಾನೇನು ಮಾಡೋಕಾಗುತ್ತೆ? ಒಂದು ಲೋಟ ಟೀ ತಗೊಳ್ಳಿ," ಎಂದೆ.

ಕುಡಿಯಲಿಲ್ಲ. ಬೀಗವನ್ನು ಜೇಬಿಗೆ ಹಾಕಿಕೊಂಡು, ಫೋಟೋವನ್ನು ಕಂಕುಳಲ್ಲಿ ಹಿಡಿದು ಜೀಪು ಹತ್ತಿದರು. ಅಲ್ಲಿಂದೀಚೆಗೆ ನನಗೆ ನೋಟಿಸುಗಳು ಬರುತ್ತಲೇ ಇವೆ. ಉಗ್ರಾಣದಲ್ಲಿ ಒಂದು ಸಂಸಾರ ದಾಸ್ತಾನಾಗಿರುವುದಕ್ಕೆ ಕಾರಣ ಕೊಡಿ ಎಂದು ಒಂದರಲ್ಲಿ ಕೇಳಿದ್ದರು. ಆ ಮಳೆಗಾಲದಲ್ಲಿ ಹೊಳೆ ತಗ್ಗಿನ ಓಣಿಗಳಿಗೆ ನುಗ್ಗಿತು. ಜನ ದಿಬ್ಬ ಹತ್ತಿ ಬಂದರು, ನಾಲ್ಕೂ ಪಡಸಾಲೆ ತುಂಬಿದವು, ನಡುಮನೆಯ ಒಲೆ ಆರಲಿಲ್ಲ. ಕಟ್ಟಡದ ಒಂದು ಮೂಲೆಯೂ ಸಡಿಲಾಗಲಿಲ್ಲ. ಶ್ರೀಕಂಠಯ್ಯನವರು ಬ್ಯಾಟರಿ ಹಿಡಿದು ಬಂದು ಎಲ್ಲ ಪರೀಕ್ಷಿಸಿ, ಉತ್ತಮ ಕಾಮಗಾರಿ ಎಂದು ವರದಿ ಬರೆದರಂತೆ. ನನಗೆ ಕೇಳಿ ಮೈಯೆಲ್ಲ ಉರಿಯಿತು.

ಅದಿರಲಿ. ಉದ್ಘಾಟನೆಯಾಗದ ಆ ಉದ್ಘಾಟನೆಯ ಮರುದಿನ ಬೆಳಿಗ್ಗೆ ನಾನು ದಿಬ್ಬ ಹತ್ತಿ ಹೋಗಿದ್ದೆ. ಬಾಗಿಲ ಪಕ್ಕದ ಗಂಟು ಬಿಚ್ಚಿತ್ತು. ಎದುರು ಗೋಡೆಯ ಮೊಳೆಗೆ ಕನ್ನಡಿ ತೂಗುತ್ತಿತ್ತು. ಅದರ ಮುಂದೆ ತಂಗೆವ್ವ ನೆಟ್ಟಗೆ ನಿಂತಿದ್ದಳು, ಬೆರಳ ತುದಿಯಲ್ಲಿ ಕುಂಕುಮ. ಅವಳು ಇಷ್ಟು ಎತ್ತರದ ಹೆಂಗಸೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಏನು ಹೇಳುತ್ತಾಳೋ ಎಂದು ಹೊಸ್ತಿಲಲ್ಲೇ ನಿಂತೆ.

ಅವಳು ಕನ್ನಡಿಯೊಳಗಿಂದ ನನ್ನನ್ನು ನೋಡಿದಳು. ಹುಬ್ಬು ಗಂಟಿಕ್ಕಿತ್ತು.

"ಬಂದ್ರಿ? ಬರ್ರಿ, ಒಳಗ ಬಂದು ನೀವ ನೋಡ್ರಿ. ಈ ಕಿಟಕಿ ಇಷ್ಟ ದೊಡ್ಡದು ಯಾಕ ಇಟ್ರಿ? ಮಾರಿ ಮ್ಯಾಲೆ ಬಿಸಲು ಹೊಡೀತೈತಿ, ಕುಂಕುಮ ಎತ್ತ ಹೋತು ಅಂತ ಕಾಣಂಗಿಲ್ಲ. ಆ ಕಟ್ಟಿ ನೋಡ್ರಿ, ಯಾರ ಎತ್ತರಕ್ಕ ಕಟ್ಟೀರಿ ಅದನ್ನ? ಮತ್ತ ಬಚ್ಚಲದ ನೀರು ಒಂದ ಕಡೆ ನಿಲ್ಲತೈತಿ. ಇಷ್ಟ್ ಓದೀರಂತ, ಹಿಂಗೇನ್ರಿ ಮನಿ ಕಟ್ಟೂದು?"

ನಾನು ಕಣ್ಣೊರೆಸಿಕೊಂಡು, ಚೀಲದಿಂದ ಅಳತೆಯ ಟೇಪು ತೆಗೆದೆ.